ಗೇಮಿಂಗ್ ಕಂಪ್ಯೂಟರ್: ಕೆಟ್ಟರೆ ಬಿಚ್ಚುವವರು ಯಾರು?

ತಿಪಟೂರಿನಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತೆಂಗಿನ ತೋಟಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಬೆಳಿಗ್ಗೆಯೇ ಬಂದು ಬಾಗಿಲ ಬಳಿ ಸಾಲಾಗಿ ಕೂರುತ್ತವೆ. ಕರಕಲು ತಾಮ್ರ ಕಿತ್ತು ಹೊಸ ತಾಮ್ರ ಸುತ್ತುವುದು ಹಗಲಿನ ಕೆಲಸ. ರಾತ್ರಿ ಒಂಬತ್ತರ ಮೇಲೆ ಮಗಳ ಜೊತೆ ಕೂತು ಕಂಪ್ಯೂಟರಿನಲ್ಲಿ ಕಾರು ಓಡಿಸುತ್ತೇನೆ. ಈ ಎರಡನೆಯ ಸಂಗತಿ ಊರಿಗೆ ಗೊತ್ತಾದ ಮೇಲೆ ಗಿರಾಕಿಗಳ ಮಕ್ಕಳು ಕೊಟೇಶನ್ ಚೀಟಿ ಹಿಡಿದು ಬರತೊಡಗಿದ್ದಾರೆ.

ಹೋದ ವಾರ ಬಂದ ಹುಡುಗ ಪಿಯುಸಿ ಮುಗಿಸಿದವನು. ಕೈಯಲ್ಲಿ ಎರಡು ಚೀಟಿ. ಒಂದು, ಕಂಪನಿಯೇ ಜೋಡಿಸಿ ಪೆಟ್ಟಿಗೆಯಲ್ಲಿಟ್ಟು ಕೊಡುವ ಸಿದ್ಧ ಯಂತ್ರದ್ದು. ಇನ್ನೊಂದು ಬಿಡಿಭಾಗಗಳ ಪಟ್ಟಿ. ‘ಅಂಕಲ್, ನಾವೇ ಜೋಡಿಸಿದರೆ ಎಷ್ಟು ಉಳಿಯುತ್ತದೆ?’ ಎಂದ. ಎಲ್ಲರೂ ಕೇಳುವುದು ಇದನ್ನೇ. ನಾನು ಅವನನ್ನು ಕೇಳಿದ್ದು ಬೇರೆ: ಅದು ಕೆಟ್ಟ ದಿನ ಬಿಚ್ಚುವವರು ಯಾರು?

ಮೂವತ್ತು ವರ್ಷ ಕೆಟ್ಟದ್ದನ್ನೇ ನೋಡುತ್ತ ಬಂದವನ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಅಪಶಕುನದಂತೆ ಕೇಳಿಸಬಹುದು. ಆದರೆ ಕೊಳ್ಳಬೇಕೋ ಜೋಡಿಸಬೇಕೋ ಎಂಬುದಕ್ಕೆ ಇದರಷ್ಟು ನೇರವಾಗಿ ಉತ್ತರ ಕೊಡುವ ಪ್ರಶ್ನೆ ನನಗೆ ಬೇರೆ ಸಿಕ್ಕಿಲ್ಲ. ಬಿಚ್ಚುವವನು ನೀವೇ, ಬಿಚ್ಚುವುದರಲ್ಲಿ ನಿಮಗೆ ಖುಷಿಯೂ ಇದೆ ಎಂದಾದರೆ ಜೋಡಿಸಿ. ಮನೆಯಲ್ಲಿ ಯಾರೂ ಸ್ಕ್ರೂಡ್ರೈವರ್ ಮುಟ್ಟುವವರಿಲ್ಲ ಎಂದಾದರೆ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯ ಸಿದ್ಧ ಯಂತ್ರ ಕೊಳ್ಳಿ. ಆದರೆ ಆ ‘ಮನೆಗೇ’ ಎಂಬುದರಲ್ಲಿ ನಿಮ್ಮ ಪಿನ್‌ಕೋಡ್ ಸೇರಿದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ಎರಡರ ನಡುವೆ ಮೂರನೆಯ ದಾರಿಯೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದುಡ್ಡಿನ ಮಾತು ಮುಗಿಸೋಣ. 2024ರ ಬೇಸಿಗೆಯಲ್ಲಿ ಈಗಿನ ಯಂತ್ರಕ್ಕೆ ನಾನು ಕೊಟ್ಟದ್ದು: ರೈಜನ್ 5 7600 ಪ್ರೊಸೆಸರ್‌ಗೆ 18,000, ಎಲ್ಲ ಭಾಗಗಳನ್ನೂ ಕೂಡಿಸುವ ಬಿ650 ಮದರ್‌ಬೋರ್ಡ್‌ಗೆ 14,000, ಆಟದ ಚಿತ್ರ ಬಿಡಿಸುವ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್‌ಗೆ 29,000, 16 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳಿಗೆ 9,500, ಆಟ, ಕಡತಗಳನ್ನು ಇಡುವ 1 ಟಿಬಿ ಎಸ್‌ಎಸ್‌ಡಿಗೆ 6,000, ಮನೆಯ ಕರೆಂಟನ್ನು ಯಂತ್ರಕ್ಕೆ ಒಗ್ಗುವಂತೆ ಇಳಿಸಿಕೊಡುವ 650 ವ್ಯಾಟ್‌ನ ಎಸ್‌ಎಂಪಿಎಸ್‌ಗೆ 6,000, ಕ್ಯಾಬಿನೆಟ್‌ಗೆ 4,500. ಶೇ 18 ಜಿಎಸ್‌ಟಿ ಸೇರಿ 87,000. ಅದೇ ಪ್ರೊಸೆಸರ್, ಅದೇ ಕಾರ್ಡ್ ಇದ್ದ ಸಿದ್ಧ ಯಂತ್ರಕ್ಕೆ ಆಗ 99,000 ಹೇಳಿದ್ದರು. ಹನ್ನೆರಡು ಸಾವಿರ ಉಳಿಯಿತೆಂದು ಬೀಗಿದೆ. ಆದರೆ ಆ ಸಿದ್ಧ ಯಂತ್ರದಲ್ಲಿ ಅಸಲಿ ವಿಂಡೋಸ್ ಇತ್ತು. ಬಿಡಿಯಾಗಿ ಕೊಂಡರೆ ಅದಕ್ಕೇ ಹತ್ತು ಸಾವಿರದ ಆಚೀಚೆ. ಬೆಂಗಳೂರಿಗೆ ಎರಡು ಸಲ ಓಡಾಡಿದ್ದು, ಊಟ, ತಿಂಡಿ ಲೆಕ್ಕ ಹಾಕಿದರೆ ಉಳಿತಾಯ ಅಲ್ಲಿಗಲ್ಲಿಗೆ ತೀರಿತು.

ಹಾಗಾದರೆ ಜೋಡಿಸಿದ್ದು ಯಾಕೆ? ಸಿದ್ಧ ಯಂತ್ರದ ಹೊಟ್ಟೆಯಲ್ಲಿದ್ದದ್ದು 16 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ ಮತ್ತು 512 ಜಿಬಿ ಎಸ್‌ಎಸ್‌ಡಿ. ಒಂದೇ ಕಡ್ಡಿ ಎಂದರೆ ಎರಡು ದಾರಿಗಳ ರಸ್ತೆಯಲ್ಲಿ ಒಂದನ್ನು ಮುಚ್ಚಿ ಗಾಡಿ ಬಿಟ್ಟಂತೆ. ಎಸ್‌ಎಂಪಿಎಸ್ ಯಾವುದೆಂದು ಕೇಳಿದರೆ ‘ಒಳ್ಳೆಯದೇ ಇದೆ ಸಾರ್’ ಎಂದರು. ಹೆಸರು ಹೇಳಲಾರದ ಒಳ್ಳೆಯತನವನ್ನು ನನ್ನ ಕಸುಬಿನವರು ನಂಬುವುದಿಲ್ಲ.

ಆದ್ದರಿಂದ ಸಿದ್ಧ ಯಂತ್ರ ಕೊಳ್ಳುವವರು ಮುಂಭಾಗದ ಬಣ್ಣದ ದೀಪಗಳನ್ನು ಬಿಟ್ಟು ಇವನ್ನು ಬರೆಸಿಕೊಳ್ಳಿ: ಎಸ್‌ಎಂಪಿಎಸ್‌ನ ಮಾದರಿ, ಮದರ್‌ಬೋರ್ಡ್‌ನ ಮಾದರಿ, ರ‍್ಯಾಮ್ ಎಷ್ಟು ಕಡ್ಡಿ, ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಹೆಸರು. ‘ಪೂರ್ತಿ’ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆರ್‌ಟಿಎಕ್ಸ್ 3050 ಎಂದಷ್ಟೇ ಬರೆದರೆ ಅದು 8 ಜಿಬಿಯದ್ದಾಗಿರಬಹುದು, 2024ರಲ್ಲಿ ಬಂದ 6 ಜಿಬಿಯದ್ದೂ ಆಗಿರಬಹುದು. ಎರಡನೆಯದರಲ್ಲಿ ಮೆಮೊರಿ ಮಾತ್ರವಲ್ಲ, ಲೆಕ್ಕ ಮಾಡುವ ಕೋರ್‌ಗಳೂ ಕಡಿಮೆ. ಆರ್‌ಟಿಎಕ್ಸ್ 5060 ಟಿಐ ಕೂಡ 8 ಮತ್ತು 16 ಜಿಬಿ ಎಂದು ಎರಡು ಬಗೆ. ಹೆಸರು ಒಂದೇ, ಆಳು ಬೇರೆ.

ಇನ್ನೊಂದು ಮಾತು. ಕೆಲವು ದೊಡ್ಡ ಕಂಪನಿಗಳ ಪೆಟ್ಟಿಗೆಗಳಲ್ಲಿ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಅವರದೇ ಅಳತೆಯವು. ಮೋಟಾರಿಗೆ 6204 ಬೇರಿಂಗ್ ಹಾಕಿದ್ದರೆ ಯಾವ ಊರಿನಲ್ಲೂ ಬದಲಿ ಸಿಗುತ್ತದೆ; ಕಂಪನಿಯ ಸ್ವಂತ ಅಳತೆಯದ್ದಾದರೆ ಮೋಟಾರು ತಿಂಗಳುಗಟ್ಟಲೆ ನನ್ನ ಅಂಗಡಿಯಲ್ಲಿ ಧೂಳು ತಿನ್ನುತ್ತದೆ. ಕಂಪ್ಯೂಟರಿನಲ್ಲಿ ಆ 6204ರ ಹೆಸರು ಎಟಿಎಕ್ಸ್. 1995ರಲ್ಲಿ ಇಂಟೆಲ್ ಹಾಕಿಕೊಟ್ಟ ಅಳತೆ, ಇವತ್ತಿಗೂ ನಡೆಯುತ್ತಿದೆ. ಒಳಗಿನದು ಎಟಿಎಕ್ಸ್ ಅಳತೆಯದೇ ಎಂದು ಖಚಿತ ಮಾಡಿಕೊಳ್ಳಿ.

ಎಸ್‌ಎಂಪಿಎಸ್ ಬಗ್ಗೆ ನಾನು ಹೆಚ್ಚು ಮಾತಾಡುತ್ತೇನೆ ಎಂದು ಮಗಳ ದೂರು. ಆಡಲೇಬೇಕು, ಕೈ ಸುಟ್ಟುಕೊಂಡವನು ನಾನು. ನನ್ನ ಮೊದಲ ಯಂತ್ರವನ್ನು 2019ರಲ್ಲಿ ಅಂಗಡಿಯೊಂದರಲ್ಲಿ ಜೋಡಿಸಿಕೊಟ್ಟಿದ್ದರು. ಕ್ಯಾಬಿನೆಟ್‌ನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್. ಮೇಲೆ 450 ವ್ಯಾಟ್ ಎಂಬ ಚೀಟಿ. ಎರಡನೆಯ ಮಳೆಗಾಲದಲ್ಲಿ ಟಪ್ ಎಂದಿತು, ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಬಿಚ್ಚಿ ನೋಡಿದೆ. (ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮಿಕ್ಕಿ ಉಳಿದಿರಬಹುದು.) ಒಳಗೆ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗದಲ್ಲಿ ಬರೀ ತಂತಿಯ ತುಂಡು ಬೆಸುಗೆ ಹಾಕಿದ್ದರು. ಬೋರ್ಡಿನ ಮೇಲೆ ಕಾಯಿಲ್‌ನ ಚಿತ್ರ ಅಚ್ಚಾಗಿತ್ತು, ಕಾಯಿಲ್ ಇರಲಿಲ್ಲ. ಅಂದಿನಿಂದ ಎಸ್‌ಎಂಪಿಎಸ್ ಕೊಳ್ಳುವಾಗ ಮೊದಲು ಕೈಯಲ್ಲಿ ಹಿಡಿದು ತೂಕ ನೋಡುತ್ತೇನೆ. 80 ಪ್ಲಸ್ ಗುರುತು ಇದ್ದರೆ ಒಳ್ಳೆಯದೇ, ಆದರೆ ಅದು ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದರ ಲೆಕ್ಕ, ಬಾಳಿಕೆಯ ಭರವಸೆಯಲ್ಲ. ಬಾಳಿಕೆಗೆ ವಾರಂಟಿಯ ವರ್ಷ ನೋಡಿ: ಐದಕ್ಕಿಂತ ಕಡಿಮೆ ಇದ್ದರೆ ನಾನು ಮುಟ್ಟುವುದಿಲ್ಲ. ಒಂದು ಅನುಕೂಲವನ್ನೂ ಗಮನಿಸಿ. ಪಕ್ಕದಲ್ಲಿ 115/230 ಎಂಬ ಸ್ವಿಚ್ ಇಲ್ಲದೆ 100–240 ವೋಲ್ಟ್ ಎಂದು ಬರೆದಿದ್ದರೆ, ಸುತ್ತಲಿನ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಹೊರಟು ಮನೆಯ ವೋಲ್ಟೇಜು 180ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ.

ಜೋಡಿಸುವವರು ವಾರಂಟಿಯ ಗುಣವನ್ನೂ ಅರಿತಿರಬೇಕು. ಸಿದ್ಧ ಯಂತ್ರಕ್ಕೆ ಸಾಮಾನ್ಯವಾಗಿ ಒಂದು ವರ್ಷ, ಆದರೆ ಇಡೀ ಯಂತ್ರಕ್ಕೆ ಒಬ್ಬನೇ ಹೊಣೆಗಾರ. ಬಿಡಿಭಾಗಗಳಿಗೆ ಮೂರು, ಐದು, ಕೆಲವಕ್ಕೆ ಹತ್ತು ವರ್ಷವೂ ಉಂಟು. ಆದರೆ ಒಂದೊಂದಕ್ಕೆ ಒಬ್ಬೊಬ್ಬ. ಪರದೆ ಕಪ್ಪಾದರೆ ಕಾರ್ಡಿನವನು ಎಸ್‌ಎಂಪಿಎಸ್ ಕಡೆ ಬೆರಳು ತೋರಿಸುತ್ತಾನೆ, ಎಸ್‌ಎಂಪಿಎಸ್‌ನವನು ಬೋರ್ಡಿನ ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ಯಾವುದು ಕೆಟ್ಟಿದೆ ಎಂದು ಪತ್ತೆ ಹಚ್ಚುವ ಕೆಲಸ ನಿಮ್ಮದೇ. ಆ ಪತ್ತೆದಾರಿಕೆ ಬೇಸರ ಅನ್ನಿಸಿದರೆ ನೀವು ಜೋಡಿಸುವ ಜಾತಿಯವರಲ್ಲ, ಅದರಲ್ಲಿ ನಾಚಿಕೆಯೇನಿಲ್ಲ.

ಮೂರನೆಯ ದಾರಿ ಎಂದೆನಲ್ಲ, ಅದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆಯದು. ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ. ಭಾಗಗಳನ್ನು ನೀವು ಆರಿಸುತ್ತೀರಿ, ಅಂಗಡಿಯವರು ಎದುರಿಗೇ ಜೋಡಿಸಿ, ಚಾಲೂ ಮಾಡಿ ತೋರಿಸಿ ಕೊಡುತ್ತಾರೆ. ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ. ಮೆಜೆಸ್ಟಿಕ್‌ನಲ್ಲಿ ರೈಲು ಇಳಿದು ಮೆಟ್ರೊದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಅಲ್ಲಿಂದ ನಡೆದೇ ಹೋಗಬಹುದು. ಮೂರು ಅಂಗಡಿಗಳಲ್ಲಿ ಒಂದೇ ಪಟ್ಟಿಗೆ ಬೆಲೆ ಬರೆಸಿ. ಪಟ್ಟಿಯಲ್ಲಿ ಒಂದು ಭಾಗ ‘ಸ್ಟಾಕ್ ಇಲ್ಲ, ಅದಕ್ಕಿಂತ ಒಳ್ಳೆಯದು ಕೊಡುತ್ತೇನೆ’ ಎಂದರೆ ಎದ್ದು ಬನ್ನಿ. ‘ಬಿಲ್ ಬೇಡವೆಂದರೆ ಇನ್ನೂ ಕಡಿಮೆ’ ಎಂದರೂ ಎದ್ದು ಬನ್ನಿ. ಬಿಲ್ಲಿನಲ್ಲಿ ಒಂದೊಂದು ಭಾಗದ ಕ್ರಮಸಂಖ್ಯೆ ಬರೆದಿರಬೇಕು. ವಾರಂಟಿಯ ಜೀವ ಇರುವುದು ಆ ಕಾಗದದಲ್ಲಿ. ಖಾಲಿ ಡಬ್ಬಿಗಳನ್ನೂ ಬಿಡದೆ ತನ್ನಿ. ನಮ್ಮ ಮನೆಯಲ್ಲಿ ಅಟ್ಟದ ಮೇಲೆ ಕೊಬ್ಬರಿಯ ಪಕ್ಕ ಇಟ್ಟಿದ್ದೆವು, ಇಲಿಗಳು ಕಾರ್ಡಿನ ಡಬ್ಬಿಯನ್ನು ಅರ್ಧ ತಿಂದು ಮುಗಿಸಿದವು.

ಇನ್ನು ಸ್ವತಃ ಜೋಡಿಸುವ ದಿನ. ಕೆಲಸ ಕಷ್ಟದ್ದಲ್ಲ, ಒಂದು ಮೋಟಾರು ಸುತ್ತುವುದಕ್ಕೆ ಹೋಲಿಸಿದರೆ ಮಕ್ಕಳಾಟ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರೆ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಎರಡು ರ‍್ಯಾಮ್ ಕಡ್ಡಿಗಳಾದರೆ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸೀಳಿನಲ್ಲಿ ಹಾಕಿ. ಪ್ರೊಸೆಸರ್‌ಗೆ ಹೋಗುವ ಎಂಟು ಪಿನ್ನಿನ ತಂತಿಯೂ ಕಾರ್ಡಿಗೆ ಹೋಗುವ ಎಂಟು ಪಿನ್ನಿನ ತಂತಿಯೂ ಅವಳಿ ಮಕ್ಕಳಂತೆ ಕಾಣುತ್ತವೆ: ನಾಲ್ಕು-ನಾಲ್ಕಾಗಿ ಸೀಳುವುದು ಪ್ರೊಸೆಸರ್‌ನದು, ಆರು-ಎರಡಾಗಿ ಸೀಳುವುದು ಕಾರ್ಡಿನದು. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ.

ನಾನು ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪು. ಒಂದು ನಿಮಿಷ ಕಾದು ಆರಿಸಿದೆ. ಮತ್ತೆ ಹಾಕಿದೆ, ಮತ್ತೆ ಕಪ್ಪು. ಮೂರನೆಯ ಸಲವೂ ಹಾಗೇ ಆದಾಗ 87,000 ರೂಪಾಯಿ ಕಣ್ಣ ಮುಂದೆ ಹಾದುಹೋಯಿತು. ಹೆಂಡತಿ ‘ಚಹಾ ಆರುತ್ತದೆ’ ಎಂದು ಕರೆದದ್ದರಿಂದ ಹಾಗೇ ಬಿಟ್ಟು ಎದ್ದೆ. ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತ್ತು. ಡಿಡಿಆರ್5 ರ‍್ಯಾಮ್ ಹಾಕಿದ ಈ ಬಗೆಯ ಬೋರ್ಡುಗಳು ಮೊದಲ ಸಲ ರ‍್ಯಾಮನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ನಾನು ಪ್ರತಿ ಸಲವೂ ನಡುವೆ ಕೊಂದು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದೆ. ಆಮೇಲೆ ಬಯಾಸ್‌ಗೆ, ಅಂದರೆ ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆಗೆ ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಪೋ ಎಂಬುದನ್ನು ಚಾಲೂ ಮಾಡಿ. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲಿಯೇ ನಡೆಯುತ್ತಿರುತ್ತದೆ.

ಅದೇ ಸಂಜೆ ಇನ್ನೊಂದು ಪೆದ್ದತನ. ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದೆ. ಪ್ರೊಸೆಸರ್‌ನ ಒಳಗಿನ ಪುಟ್ಟ ಗ್ರಾಫಿಕ್ಸ್ ಚಿತ್ರ ಕೊಡುತ್ತಿದ್ದರಿಂದ ಗೊತ್ತಾಗಲಿಲ್ಲ. ಕಾರು ಎತ್ತಿನಗಾಡಿಯಂತೆ ಓಡುತ್ತಿತ್ತು. ಕೆಳಗೆ ಅಡ್ಡವಾಗಿರುವ ಸಾಲಿಗೆ ಚುಚ್ಚಬೇಕು ಎಂದು ಕಂಡುಹಿಡಿದದ್ದು ಮಗಳು.

ಮನೆಯ ಕರೆಂಟಿನ ವಿಷಯಕ್ಕೆ ಬಂದರೆ ನನ್ನ ಮರ್ಯಾದೆಯೇ ಹೋಗುವ ಸಂಗತಿ ಇದೆ. ಯಂತ್ರ ಚಾಲೂ ಆದ ಮೇಲೆ ಕ್ಯಾಬಿನೆಟ್‌ನ ಸ್ಕ್ರೂ ಮುಟ್ಟಿದರೆ ಕೈಗೆ ಇರುವೆ ಹರಿದಂತೆ ಚುಮುಚುಮು ಎನ್ನುತ್ತಿತ್ತು. ಮೀಟರ್ ಹಿಡಿದೆ: ಚೌಕಟ್ಟಿಗೂ ನೆಲಕ್ಕೂ ನಡುವೆ 108 ವೋಲ್ಟ್. ಎಸ್‌ಎಂಪಿಎಸ್‌ನ ಹೊಸ್ತಿಲಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಇದ್ದರೆ ಸೋರಿದ್ದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಚೌಕಟ್ಟು 230ರ ಅರ್ಧದ ಆಸುಪಾಸಿನಲ್ಲಿ ತೇಲುತ್ತದೆ. ಊರಿಗೆಲ್ಲ ಅರ್ಥಿಂಗ್ ಪಾಠ ಹೇಳುವವನ ಮನೆಯ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಕೊಂಡರೂ ಜೋಡಿಸಿದರೂ ಇದನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಯುಪಿಎಸ್ ಕೊಳ್ಳುವಾಗ ವಿಎ ಅಂಕಿ ನೋಡಿ ಮೋಸಹೋಗಬೇಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ನನ್ನ ಯಂತ್ರ, ಮಾನಿಟರ್ ಸೇರಿ ಆಟದ ಭರದಲ್ಲಿ ಮುನ್ನೂರರ ಹತ್ತಿರ ಹೋಗುತ್ತದೆ. 1000 ವಿಎ ಇರಲಿ. ಹಳೆಯ ಇನ್ವರ್ಟರ್‌ನಲ್ಲಿ ಫ್ಯಾನು ಗೊಂಯ್ ಎನ್ನುತ್ತದೆಯಲ್ಲ, ಆ ಚೌಕಾಕಾರದ ಅಲೆ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಆಗಿಬರುವುದಿಲ್ಲ. ಕರೆಂಟು ಹೋದ ಕ್ಷಣವೇ ಯಂತ್ರ ಆರಿಬಿಡಬಹುದು. ಮನೆಯ ಕರೆಂಟಿನಂತೆ ನಯವಾದ ಸೈನ್ ಅಲೆ ಕೊಡುವ ಯುಪಿಎಸ್‌ಗೆ ಸ್ವಲ್ಪ ಹೆಚ್ಚು ಕೊಡಿ.

ಕಾಲವನ್ನೂ ನೋಡಬೇಕು. 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸುವ ‘ಗಣಿಗಾರಿಕೆ’ಯ ಹುಚ್ಚಿಗೆ ಆ ಕಾರ್ಡುಗಳ ಬೆಲೆ ಮುಗಿಲಿಗೇರಿತ್ತು. ಆಗ ಸಿದ್ಧ ಯಂತ್ರದ ಒಳಗೆ ಕೂತು ಬಂದ ಕಾರ್ಡೇ ಅಗ್ಗವಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಆ ಪದ್ಧತಿ ಬಿಟ್ಟ ಮೇಲೆ ಆ ಹುಚ್ಚು ಇಳಿಯಿತು. 2025ರ ಕೊನೆಯಲ್ಲಿ ರ‍್ಯಾಮ್ ಸರದಿ: ಎಐ ಡೇಟಾ ಕೇಂದ್ರಗಳು ಚಿಪ್ಪುಗಳನ್ನು ನುಂಗತೊಡಗಿ, ನಾನು 9,500ಕ್ಕೆ ತಂದ ಜೋಡಿಯ ಬೆಲೆ ಎರಡು ಪಟ್ಟಿಗೂ ಮೀರಿತು. ಇಂಥ ಹೊತ್ತಿನಲ್ಲಿ ಹಳೆಯ ದಾಸ್ತಾನಿನ ಸಿದ್ಧ ಯಂತ್ರವೊಂದು ಸಿಕ್ಕರೆ, ಜೋಡಿಸುವ ಹಟ ಬಿಟ್ಟು ಅದನ್ನೇ ಕೊಂಡು ಎಸ್‌ಎಂಪಿಎಸ್ ಮಾತ್ರ ಬದಲಿಸುವುದು ಜಾಣತನ.

ಇಷ್ಟನ್ನೂ ಆ ಹುಡುಗನಿಗೆ ಹೇಳಿ, ಎರಡೂ ಚೀಟಿಗಳ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬಿಡಿಭಾಗಗಳ ಪಟ್ಟಿಯಲ್ಲಿ ಎಸ್‌ಎಂಪಿಎಸ್ ಬದಲಿಸಿ, ಮದರ್‌ಬೋರ್ಡ್ ಒಂದು ಮೆಟ್ಟಿಲು ಇಳಿಸಿ ಮುಗಿಸುವ ಹೊತ್ತಿಗೆ ಅವನು ‘ಆಗಸ್ಟ್‌ಗೆ ಕಾಲೇಜು ಶುರು, ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಮೂವರು’ ಎಂದ. ಪೆನ್ಸಿಲ್ ಕೆಳಗಿಟ್ಟೆ. ಚೀಟಿಗಳನ್ನು ಮಡಚಿ ಅವನ ಜೇಬಿಗೇ ತುರುಕಿ, ಮೊದಲು ವಾರ್ಡನ್ನರನ್ನು ಕೇಳಿಕೊಂಡು ಬಾ ಎಂದು ಕಳಿಸಿದೆ.