ಬೋಟಿನ ಪೆಟ್ರೋಲ್: ಮುಳ್ಳು ನಂಬಬೇಡಿ, ಗಂಟೆ ಲೆಕ್ಕ ಇಡಿ

ಸ್ವಂತ ಬೋಟ್ ಇಟ್ಟುಕೊಂಡವರು ಟ್ಯಾಂಕಿನ ಮೀಟರ್ ಒಂದನ್ನೇ ನಂಬಿ ದೂರ ಹೋಗಬೇಡಿ. ಮೂತಿ ಎತ್ತಿ ಓಡುವಾಗ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಒಳಗಿನ ತೇಲುಬೆಂಡು ಏರುಪೇರಾಗಿ ಮುಳ್ಳು ಸುಳ್ಳು ಹೇಳುತ್ತದೆ. ತಳ ಕಿರಿದಾದ ಟ್ಯಾಂಕಿನಲ್ಲಂತೂ ಮೇಲಿನರ್ಧ ನಿಧಾನ, ಕೆಳಗಿನರ್ಧ ನೋಡನೋಡುತ್ತಲೇ ಖಾಲಿ.

ಲೆಕ್ಕ ಗಂಟೆಯದ್ದಿರಲಿ, ಕಿಲೋಮೀಟರಿನದ್ದಲ್ಲ. ಫೋರ್-ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂಬದಿ ಹೊರಗೆ ಸಿಕ್ಕಿಸುವ ಎಂಜಿನ್) ಪೂರ್ತಿ ಥ್ರಾಟಲ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.38 ಲೀಟರ್ ಕುಡಿಯುತ್ತದೆ. 40 ಎಚ್‌ಪಿಗೆ 15 ಲೀಟರ್ ಹತ್ತಿರ. ಇದು ಬರೀ ಅಂದಾಜು. ನಿಮ್ಮ ಎಂಜಿನ್ನಿನದ್ದು ಬೇಕೆಂದರೆ ಟ್ಯಾಂಕ್ ತುಂಬಿಸಿ, ಓಡಿದ ಗಂಟೆ, ಎಂಜಿನ್ ಸುತ್ತಿದ ವೇಗ (ಆರ್‌ಪಿಎಂ), ಎಷ್ಟು ಜನ ಕೂತಿದ್ದರು ಎಲ್ಲ ಬರೆದಿಡಿ. ಮತ್ತೆ ಅದೇ ಮಟ್ಟಕ್ಕೆ ತುಂಬಿಸುವಾಗ ಹಿಡಿದ ಲೀಟರನ್ನು ಗಂಟೆಯಿಂದ ಭಾಗಿಸಿ. ನಾಲ್ಕೈದು ಸಲ ಬರೆದರೆ ಅಂಕಿ ಒಂದು ಹದಕ್ಕೆ ಬರುತ್ತದೆ.

ಕಳಚಿ ಎತ್ತುವ ಟ್ಯಾಂಕಾದರೆ ಕೊಕ್ಕೆ ತಕ್ಕಡಿಗೆ ತೂಗುಹಾಕಿ. ಪೆಟ್ರೋಲ್ ಲೀಟರಿಗೆ ಸುಮಾರು 0.74 ಕೆಜಿ. ಖಾಲಿ ಟ್ಯಾಂಕ್ 4.6 ಕೆಜಿ ಇದ್ದು ಈಗ 12 ತೂಗಿದರೆ ಒಳಗಿರುವುದು 10 ಲೀಟರ್. ನನಗೆ ಇದರಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಎಂಜಿನ್ನಿಗೆ ಹರಿಯುವ ಪೆಟ್ರೋಲ್ ಅಳೆಯುವ ಫ್ಲೋ ಮೀಟರೂ ಒಳ್ಳೆಯದೇ, ಆದರೆ ತುಂಬಿಸಿದಾಗಲೆಲ್ಲ ಹಾಕಿದ ಲೀಟರ್ ಅದರಲ್ಲಿ ನಮೂದಿಸದಿದ್ದರೆ ದುಡ್ಡು ದಂಡ.

ಇರುವ ಪೆಟ್ರೋಲಿನಲ್ಲಿ ಹೋಗಲು ಮೂರರಲ್ಲೊಂದು ಪಾಲು, ಬರಲು ಒಂದು, ಇನ್ನೊಂದು ಮುಟ್ಟಲೇಬಾರದು. ಅಳಿವೆಯಲ್ಲಿ ಇಳಿತದ ನೀರಿಗೆ ಎದುರಾಗಿ ಬರುವಾಗ ಖರ್ಚು ಜಾಸ್ತಿ. ತಳದ ಒಂದೆರಡು ಲೀಟರನ್ನು ಲೆಕ್ಕಕ್ಕೇ ಹಿಡಿಯಬೇಡಿ, ಹೀರುವ ಕೊಳವೆ ಅಲ್ಲಿಗೆ ಎಟಕುವುದಿಲ್ಲ.