ಜೆ ಭಾಷೆಯಲ್ಲಿ ಪಟ್ಟಿಯ ಒಂದೇ ಮನೆ ತಿದ್ದುವುದು ಹೇಗೆ

ಬದಿಯಡ್ಕದ ನಮ್ಮ ಮೂರು ತೋಟದ ಅಡಿಕೆ ಲೆಕ್ಕ, ನಾಲ್ಕು ವಾರದ್ದು, ಕಿಲೋದಲ್ಲಿ, ನಾನು ಜೆ (J) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೀಗೆ ಇಡುತ್ತೇನೆ (3 4 $ ಅಂದರೆ ಮೂರು ಸಾಲು, ನಾಲ್ಕು ಕಂಬ; ತೋಟಕ್ಕೊಂದು ಸಾಲು, ವಾರಕ್ಕೊಂದು ಕಂಬ):

3 4 $ 40 38 35 41 30 33 52 29 22 24 21 20

ಮೊನ್ನೆ ಮಾವ ಫೋನ್ ಮಾಡಿ, "ನಡುವಿನ ತೋಟದ ಮೂರನೇ ವಾರ 52 ಅಲ್ಲ ಮಾರಾಯ, 25" ಅಂದರು. ಪೂರ್ತಿ ಪಟ್ಟಿ ಮತ್ತೆ ಬರೆಯಬೇಕಾಗಿಲ್ಲ. ಇಷ್ಟು ಸಾಕು:

25 (<1 2)} 3 4 $ 40 38 35 41 30 33 52 29 22 24 21 20

ಉತ್ತರ:

40 38 35 41
30 33 25 29
22 24 21 20

ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಎರಡನೇ ಸಾಲು 1, ಮೂರನೇ ಕಂಬ 2. ತಿದ್ದುವ ಕೆಲಸ ಆ } ಚಿಹ್ನೆಯದ್ದು. ಹೊಸ ಸಂಖ್ಯೆ ಎಡಕ್ಕೆ, ಹಳೇ ಪಟ್ಟಿ ಬಲಕ್ಕೆ.

ಜಾಸ್ತಿ ಜನ ಎಡವುವುದು < ಚಿಹ್ನೆಯಲ್ಲಿ. ಅದು 1 2 ಎರಡನ್ನೂ ಒಂದು ಡಬ್ಬಿಯೊಳಗೆ ಹಾಕಿ, ಇದು ಒಂದೇ ಜಾಗದ ವಿಳಾಸ ಅಂತ ಹೇಳುತ್ತದೆ. ಅದನ್ನು ಬಿಟ್ಟು ಸುಮ್ನೆ (1 2) ಅಂತ ಬರೆದರೆ ಜೆ ಅದನ್ನು ಎರಡು ಸಾಲು ಅಂತ ತಿಳಿದುಕೊಂಡು, ಎರಡನೇ ಮತ್ತು ಮೂರನೇ ತೋಟದ ಎಂಟೂ ಮನೆಗೆ 25 ತುಂಬಿಸಿಬಿಡುತ್ತದೆ. ದೋಷ ಅಂತ ಎಚ್ಚರಿಕೆಯೂ ಬರುವುದಿಲ್ಲ, ಅದೇ ಅಪಾಯ ಅಲ್ವಾ?

ಎರಡು ಮನೆ ಒಟ್ಟಿಗೆ ತಿದ್ದಬೇಕಾದರೆ ಎಡಕ್ಕೆ 25 31, ವಿಳಾಸಕ್ಕೆ (1 2;0 3).

ಇನ್ನೊಂದು ಮಾತು. ಸಿಗುವುದು ಹೊಸ ಪಟ್ಟಿ, ಹಳೆಯದು ಹಾಗೇ ಇರುತ್ತದೆ. ಪಟ್ಟಿಗೆ ಹೆಸರು ಕೊಟ್ಟಿದ್ದರೆ (ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು), ಉತ್ತರವನ್ನು =: ಹಾಕಿ ಅದೇ ಹೆಸರಿಗೆ ಮತ್ತೆ ಇಡಿ.