ಮಧುಮೇಹದ ಕಣ್ಣಿನ ಕೃತಕ ಚಿತ್ರಗಳು: ಹಾಸನದಲ್ಲಿ ನಾವು ಮಾಡಿದ ಬಗೆ

ಮಧುಮೇಹದಿಂದ ಅಕ್ಷಿಪಟಲಕ್ಕೆ (ರೆಟಿನಾಕ್ಕೆ) ಆಗುವ ಹಾನಿಯನ್ನು ಸೊನ್ನೆಯಿಂದ ನಾಲ್ಕರವರೆಗೆ ಐದು ಹಂತಗಳಲ್ಲಿ ಗುರುತಿಸುತ್ತಾರೆ. ಈ ಹಂತಗಳನ್ನು ಕಂಪ್ಯೂಟರಿಗೆ ಕಲಿಸಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಮೂರನೆಯ ಹಂತದ, ಅಂದರೆ ಹಾನಿ ತೀವ್ರವಾಗಿದ್ದರೂ ಹೊಸ ರಕ್ತನಾಳಗಳು ಇನ್ನೂ ಹುಟ್ಟಿರದ ಸ್ಥಿತಿಯ ಚಿತ್ರಗಳ ಕೊರತೆ. ಅರವಿಂದ ಕಣ್ಣಾಸ್ಪತ್ರೆಯ ಚಿತ್ರಗಳಿಂದ ಸಿದ್ಧವಾಗಿ 2019ರಲ್ಲಿ ದತ್ತಾಂಶ ಸ್ಪರ್ಧೆಗಳ ಜಾಲತಾಣವಾದ ಕ್ಯಾಗಲ್‌ನ ಸ್ಪರ್ಧೆಗೆಂದು ಬಿಡುಗಡೆಯಾದ ಆಪ್ಟಾಸ್ ಸಂಗ್ರಹದ 3,662 ತರಬೇತಿ ಚಿತ್ರಗಳಲ್ಲಿ ಈ ಕಾಯಿಲೆಯಿಲ್ಲದ ಕಣ್ಣುಗಳವು 1,805. ಮೂರನೆಯ ಹಂತದವು 193 ಮಾತ್ರ. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು, ಇದೇ ಊರಿನ ನೇತ್ರತಜ್ಞೆಯೊಬ್ಬರ ನೆರವಿನಿಂದ, ಈ ಕೊರತೆಯನ್ನು ಕೃತಕ ಚಿತ್ರಗಳಿಂದ ಎಷ್ಟರಮಟ್ಟಿಗೆ ತುಂಬಬಹುದೆಂದು ಪರೀಕ್ಷಿಸಿದೆ.

ಆಪ್ಟಾಸ್‌ನಲ್ಲಿ ಒಂದೇ ಚಿತ್ರ ಎರಡು ಕಡೆ ಇರುವುದುಂಟು. ಅಂಥವನ್ನು ಮೊದಲು ತೆಗೆದು, ಉಳಿದವನ್ನು ತರಬೇತಿಗೆ ಮತ್ತು ಪರಿಶೀಲನೆಗೆ ಎಂದು ಭಾಗ ಮಾಡಿದ ಮೇಲಷ್ಟೇ ಚಿತ್ರ ಸೃಷ್ಟಿಸುವ ಮಾದರಿಯ ಕೆಲಸಕ್ಕೆ ಇಳಿದೆ. ಪರಿಶೀಲನೆಗೆ ಮೀಸಲಾದ ಕಣ್ಣನ್ನು ಆ ಮಾದರಿ ಒಮ್ಮೆ ಕಂಡರೂ ಮುಂದಿನ ಅಂಕಗಳೆಲ್ಲ ಸುಳ್ಳಾಗುತ್ತವೆ.

2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಪರಿಚಯಿಸಿದ, ಒಂದು ಜಾಲ ಬರೆದ ಚಿತ್ರವನ್ನು ಇನ್ನೊಂದು ಜಾಲ ನಿಜವೋ ನಕಲಿಯೋ ಎಂದು ಪರೀಕ್ಷಿಸುವ ಗ್ಯಾನ್ ಪದ್ಧತಿ ಇಷ್ಟು ಕಡಿಮೆ ಚಿತ್ರಗಳಿದ್ದಾಗ ಒಂದೇ ಬಗೆಯ ಕಣ್ಣುಗಳನ್ನು ಮತ್ತೆ ಮತ್ತೆ ಬಿಡಿಸುವ ಚಾಳಿಗೆ ಬೀಳುತ್ತದೆ. ಆದ್ದರಿಂದ, ಚಿತ್ರದ ಕುಗ್ಗಿಸಿದ ರೂಪದಲ್ಲಿ ಗದ್ದಲವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಹೊಸ ಚಿತ್ರ ಮೂಡಿಸುವ ಲೇಟೆಂಟ್ ಡಿಫ್ಯೂಷನ್ ಮಾದರಿಯನ್ನು ಆರಿಸಿಕೊಂಡೆ. ಅದಕ್ಕೆ ಮೂರನೆಯ ಹಂತದ ಚಿತ್ರಗಳನ್ನಷ್ಟೇ ಕೊಡದೆ, ಐದೂ ಹಂತಗಳ ಚಿತ್ರಗಳನ್ನು ಹಂತದ ಸಂಖ್ಯೆಯೊಂದಿಗೆ ಕೊಟ್ಟೆ. ಕಣ್ಣಿನ ರಚನೆಯನ್ನು ಅದು ಕಾಯಿಲೆಯಿಲ್ಲದ ಚಿತ್ರಗಳಿಂದಲೇ ಕಲಿಯಬಹುದು, ಹಾನಿಯ ಲಕ್ಷಣಗಳನ್ನು ಮಾತ್ರ ಆ ಕೆಲವೇ ಚಿತ್ರಗಳಿಂದ ಕಲಿತರೆ ಸಾಕು. (ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ವಿಶೇಷವಲ್ಲವಾದ್ದರಿಂದ, ತರಬೇತಿಯ ಸ್ಥಿತಿಯನ್ನು ಆಗಾಗ ಡಿಸ್ಕಿಗೆ ಉಳಿಸುವ ವ್ಯವಸ್ಥೆ ಅನಿವಾರ್ಯ.)

ಈ ಕೆಲಸದ ನಿಜವಾದ ಮಿತಿ ಇರುವುದು ಚಿತ್ರವನ್ನು ಕುಗ್ಗಿಸುವ ಹಂತದಲ್ಲಿ. ನಾನು ಬಳಸಿದ ಮಾದರಿ 512 ಪಿಕ್ಸೆಲ್ ಅಗಲದ ಚಿತ್ರವನ್ನು ಎಂಟು ಪಟ್ಟು ಕುಗ್ಗಿಸಿ, 64 ಮನೆಗಳ ಅಗಲದ ಸಂಕ್ಷಿಪ್ತ ರೂಪದಲ್ಲಿ ಕೆಲಸ ಮಾಡುತ್ತದೆ. 45 ಡಿಗ್ರಿ ನೋಟದ ಕ್ಯಾಮೆರಾದಲ್ಲಿ ಅಕ್ಷಿಪಟಲದ ಸುಮಾರು 13 ಮಿಲಿಮೀಟರ್ ಅಗಲ ಕಾಣುತ್ತದೆ ಎಂದುಕೊಂಡರೆ, ಒಂದು ಪಿಕ್ಸೆಲ್ ಎಂದರೆ ಹತ್ತಿರ ಹತ್ತಿರ 25 ಮೈಕ್ರಾನ್, ಒಂದು ಮನೆ ಎಂದರೆ 200 ಮೈಕ್ರಾನ್. ಒಂದನೆಯ ಹಂತದ ಏಕೈಕ ಲಕ್ಷಣವಾದ ಮೈಕ್ರೋಅನ್ಯೂರಿಸಂ, ಅಂದರೆ ಲೋಮನಾಳದ ಸಣ್ಣ ಉಬ್ಬು, ಸಾಮಾನ್ಯವಾಗಿ 125 ಮೈಕ್ರಾನಿಗಿಂತ ಚಿಕ್ಕದು. ಕಾಫಿ ಬೀಜವನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವಾಗ ಜರಡಿಯ ಕಣ್ಣಿಗಿಂತ ಸಣ್ಣ ಬೀಜ ಕೆಳಗೆ ಉದುರಿಹೋಗುವಂತೆ ಈ ಉಬ್ಬುಗಳು ಕುಗ್ಗಿಸುವಾಗಲೇ ಬಹುಪಾಲು ಜಾರಿಹೋಗುತ್ತವೆ. ಯಾವುದೇ ಸೃಷ್ಟಿಗೆ ಕೈಹಾಕದೆ, ನಿಜವಾದ ಚಿತ್ರಗಳನ್ನೇ ಕುಗ್ಗಿಸಿ ಮತ್ತೆ ಹಿಗ್ಗಿಸಿ ನೋಡಿದಾಗ ಇದು ಸ್ಪಷ್ಟವಾಯಿತು: ರಕ್ತನಾಳಗಳು ಚೊಕ್ಕವಾಗಿ ಮರಳಿ ಬಂದವು, ಚುಕ್ಕೆಗಳು ಬರಲಿಲ್ಲ. ಹೀಗಾಗಿ ಒಂದನೆಯ ಹಂತದ ಕೃತಕ ಚಿತ್ರಗಳ ಆಸೆಯನ್ನು ನಾನು ಬಿಟ್ಟೆ. ಅಲ್ಲಿ ನಿಜ ಚಿತ್ರಗಳನ್ನೇ ತಿರುಗಿಸಿ, ಬೆಳಕು ಬದಲಿಸಿ ಬಳಸಿದೆ. ಮೂರನೆಯ ಹಂತದ ಲಕ್ಷಣಗಳ ಮಾತು ಬೇರೆ. ನಾಲ್ಕೂ ಕಾಲುಭಾಗಗಳಲ್ಲಿ ಹರಡಿದ ರಕ್ತಸ್ರಾವ, ಮಣಿಮಣಿಯಾಗಿ ಉಬ್ಬಿದ ಅಭಿಧಮನಿಗಳು ಈ ಜರಡಿಯಲ್ಲಿ ಉಳಿಯುವಷ್ಟು ದೊಡ್ಡವು.

ಚಿತ್ರಗಳ ಗುಣಮಟ್ಟ ಅಳೆಯಲು ಎಲ್ಲರೂ ಬಳಸುವ, ಕೃತಕ ಚಿತ್ರಗಳ ಗುಂಪು ನಿಜ ಚಿತ್ರಗಳ ಗುಂಪಿಗೆ ಎಷ್ಟು ಹತ್ತಿರವೆಂದು ಹೇಳುವ ಎಫ್‌ಐಡಿ ಅಂಕವನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಅದರ ಹಿಂದಿರುವ, ಚಿತ್ರ ಗುರುತಿಸುವ ಇನ್‌ಸೆಪ್ಷನ್ ಜಾಲ ಕಲಿತಿರುವುದು ನಾಯಿ, ಬೆಕ್ಕು, ವಾಹನಗಳ ಫೋಟೋಗಳನ್ನೇ ಹೊರತು ಅಕ್ಷಿಪಟಲವನ್ನಲ್ಲ. ಬದಲಿಗೆ ನಿಜ ಮತ್ತು ಕೃತಕ ಚಿತ್ರಗಳನ್ನು ಬೆರೆಸಿ ಡಾಕ್ಟರ ಮುಂದಿಟ್ಟೆ. ಅಂಕ ಚೆನ್ನಾಗಿದ್ದ ಗುಂಪಿನ ಒಂದು ಚಿತ್ರವನ್ನು ನೋಡಿದ ತಕ್ಷಣ ಅವರು, "ಮೇಷ್ಟ್ರೇ, ಆರ್ಟರಿ ಮೇಲೆ ಆರ್ಟರಿ ಹಾಯೋದಿಲ್ಲ, ಇದು ನಿಮ್ಮ ಮಷೀನ್ ಬರೆದಿದ್ದು" ಎಂದರು. ಅಕ್ಷಿಪಟಲದಲ್ಲಿ ಅಪಧಮನಿಯೂ ಅಭಿಧಮನಿಯೂ ಪರಸ್ಪರ ದಾಟುತ್ತವೆ. ಒಂದೇ ಜಾತಿಯ ನಾಳಗಳು ಸಾಮಾನ್ಯವಾಗಿ ದಾಟುವುದಿಲ್ಲ. ಅಂಥ ಚಿತ್ರಗಳನ್ನೆಲ್ಲ ತೆಗೆದುಹಾಕಿದೆವು. ಹಂತದ ಸೂಚನೆಗೆ ಮಾದರಿ ಎಷ್ಟು ಬಿಗಿಯಾಗಿ ಅಂಟಿಕೊಳ್ಳಬೇಕೆಂಬ ಗೈಡೆನ್ಸ್ ಮೌಲ್ಯವನ್ನೂ ಇಳಿಸಿದೆವು, ಏಕೆಂದರೆ ಅದು ಹೆಚ್ಚಾದಷ್ಟೂ ಕಣ್ಣುಗಳೆಲ್ಲ ಪಠ್ಯಪುಸ್ತಕದ ಒಂದೇ ಉದಾಹರಣೆಯಂತಾಗುತ್ತವೆ.

ಇನ್ನೊಂದು ಎಚ್ಚರಿಕೆ ಗೋಪ್ಯತೆಯದು. ಡಿಫ್ಯೂಷನ್ ಮಾದರಿಗಳು ತರಬೇತಿಯ ಕೆಲವು ಚಿತ್ರಗಳನ್ನು ಹಾಗೆಯೇ ಕಕ್ಕಬಲ್ಲವೆಂದು 2023ರ ಸಂಶೋಧನೆಯೊಂದು ತೋರಿಸಿದೆ; ಪುನರಾವರ್ತಿತ ಚಿತ್ರಗಳಿದ್ದರೆ ಈ ಅಪಾಯ ಹೆಚ್ಚು. ಅಕ್ಷಿಪಟಲದ ನಾಳವಿನ್ಯಾಸ ವ್ಯಕ್ತಿಯ ಗುರುತೇ ಆಗಬಲ್ಲದು, ಹೆಸರು ಅಳಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಆದ್ದರಿಂದ ಪ್ರತಿ ಕೃತಕ ಚಿತ್ರಕ್ಕೂ ತರಬೇತಿಯಲ್ಲಿ ಅದಕ್ಕೆ ಅತಿ ಹತ್ತಿರದ ಚಿತ್ರವನ್ನು ಹುಡುಕಿ, ನಾಳಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಿ, ಹೊಂದಿಕೊಂಡವನ್ನು ಕೈಬಿಟ್ಟೆ.

ಕೊನೆಯ ಪರೀಕ್ಷೆಗೆ ಮಹಾರಾಷ್ಟ್ರದ ನಾಂದೇಡಿನಲ್ಲಿ ಸಂಗ್ರಹಿಸಲಾದ, ಐಡ್ರಿಡ್ ಎಂಬ ಅಕ್ಷಿಪಟಲ ಚಿತ್ರಸಂಗ್ರಹದ 516 ನಿಜ ಚಿತ್ರಗಳನ್ನು ಬಳಸಿದೆ. ಕೃತಕವಾದ ಒಂದನ್ನೂ ಅದರೊಳಗೆ ಬಿಡಲಿಲ್ಲ. ಕೃತಕ ಚಿತ್ರಗಳನ್ನೂ ಸೇರಿಸಿ ಕಲಿಸಿದಾಗ, ಹಂತ ಗುರುತಿಸುವ ಕಂಪ್ಯೂಟರ್ ಮಾದರಿ ಮೂರನೆಯ ಹಂತವನ್ನು ಎರಡನೆಯದೆಂದು ತಪ್ಪಾಗಿ ಓದುವುದು ಕಡಿಮೆಯಾಯಿತು, ಒಂದನೆಯ ಹಂತದಲ್ಲಿ ಏನೂ ಸುಧಾರಿಸಲಿಲ್ಲ. ಕೃತಕ ಚಿತ್ರಗಳು ನಿಜವಾದವುಗಳ ಸಂಖ್ಯೆಯನ್ನು ಮೀರಿದಾಗ ಲಾಭವೂ ನಿಂತುಹೋಯಿತು. ಈಗ ಅವು ಬೇರೆ ಫೋಲ್ಡರಿನಲ್ಲಿ, ಕೃತಕವೆಂಬ ಗುರುತನ್ನು ಕಡತದ ಹೆಸರಿನಲ್ಲೇ ಹೊತ್ತು, ತರಬೇತಿಗೆ ಮಾತ್ರ ದೊರೆಯುವಂತೆ ಇವೆ.